ದೊಡ್ಡಮ್ಮನ ಕೈ ಹಾಲು

ಬಿಸಿಲಿಗೆ ಕೂತರೆ ದೊಡ್ಡಮ್ಮನ ಮೊಣಕೈಗಳು ಕೊಬ್ಬರಿ ಎಣ್ಣೆಯಲ್ಲಿ ಮಿರಮಿರನೆ ಮಿಂಚುತ್ತಿದ್ದವು. ಎಣ್ಣೆಯ ಕೆಳಗೆ ಕೆಂಪು ಮಚ್ಚೆ, ಮಚ್ಚೆಯ ಮೇಲೆ ಬೂದಿ ಬಣ್ಣದ ಹೊಟ್ಟು. ಏಳುವಾಗ ಜಗಲಿಯ ಮೇಲೆ ಉದುರಿದ್ದನ್ನು ತಾನೇ ಗುಡಿಸಿ, ಹಸುವಿಗೆ ಹುಲ್ಲು ಹಾಕಲು ಹೋಗುತ್ತಿದ್ದಳು. ಉದ್ದ ತೋಳಿನ ರವಿಕೆ ಹೊಲಿಸಿಕೋ ಎಂದು ನೆಂಟರು ಹೇಳಿ ಹೇಳಿ ಸೋತಿದ್ದರು. "ಮುಚ್ಕಂಡ್ರೆ ಬೆವರಿ ಇನ್ನೂ ಉರೀತೈತೆ. ನೋಡಕ್ಕಾಗ್ದೋರು ಕಣ್ಣು ಮುಚ್ಕಳ್ಲಿ," ಎನ್ನುತ್ತಿದ್ದಳು.

ತೂಬಗೆರೆ ಕಡೆಯ ನಮ್ಮ ಹಳ್ಳಿಯಲ್ಲಿ ಆಕೆಯದು ನಮ್ಮ ಪಕ್ಕದ ಮನೆ. ರಕ್ತಸಂಬಂಧವೇನಿಲ್ಲ, ಆದರೂ ಊರಿಗೆಲ್ಲ ದೊಡ್ಡಮ್ಮ. ಗಂಡ ಇರಲಿಲ್ಲ, ಮಕ್ಕಳಿರಲಿಲ್ಲ. ಇದ್ದದ್ದು ಒಂದು ಸೀಮೆಹಸು. ಅದರ ಹಾಲನ್ನು ಡೈರಿಗೆ ಹಾಕಿ ಬದುಕುತ್ತಿದ್ದಳು. ಆಕೆಯ ಕೈಯ ಮೇಲಿನದು ಸೋರಿಯಾಸಿಸ್, ಅಂಟುವ ಕಾಯಿಲೆಯಲ್ಲ ಎಂದು ದೊಡ್ಡಬಳ್ಳಾಪುರದ ಡಾಕ್ಟರು ಯಾವತ್ತೋ ಹೇಳಿದ್ದರು. ಬಸ್ಸಿನಲ್ಲಿ ಯಾರಾದರೂ ದೂರ ಸರಿದರೆ ತಾನೇ ಕರೆದು ಕೂರಿಸುತ್ತಿದ್ದಳು: "ಅಂಟಲ್ಲ, ಬಾಮ್ಮ. ಅಂಟೋದಾಗಿದ್ರೆ ನಮ್ಮತ್ತೆಗೆ ಮೊದ್ಲು ಅಂಟಿಸ್ತಿದ್ದೆ!"

ಕೊರೊನಾದ ಎರಡನೇ ಅಲೆಯಲ್ಲಿ ಹೊಸಕೋಟೆಯಲ್ಲಿದ್ದ ಆಕೆಯ ತಂಗಿ ತೀರಿಕೊಂಡಳು. ಮುಖ ನೋಡಲೂ ಬಿಡಲಿಲ್ಲ. ಫೋನಿನಲ್ಲೇ ಸುದ್ದಿ, ಫೋನಿನಲ್ಲೇ ಮಣ್ಣು. ಒಡಹುಟ್ಟಿದವಳನ್ನು ತಬ್ಬಿಕೊಂಡು ಅಳಲಾಗದಿದ್ದರೆ ಆ ಅಳು ಎಲ್ಲಿಗೆ ಹೋಗಬೇಕು? ಕೆಲವೇ ದಿನಗಳಲ್ಲಿ ಮೊಣಕೈಯಲ್ಲಿದ್ದ ಮಚ್ಚೆ ಮುಂಗೈ ದಾಟಿ ಬೆರಳ ಗಿಣ್ಣುಗಳವರೆಗೂ ಇಳಿಯಿತು. ಡಾಕ್ಟರಿಗೆ ಫೋನ್ ಮಾಡಿದರೆ, "ಮನಸ್ಸಿಗೆ ಹಚ್ಕೋಬೇಡಿ, ಟೆನ್ಷನ್ನಿಗೆ ಜಾಸ್ತಿಯಾಗುತ್ತೆ," ಎಂದರಂತೆ. ಹಚ್ಚಿಕೊಳ್ಳದೆ ಇರುವುದು ಹೇಗೆ ಎಂದು ಮಾತ್ರ ಯಾರೂ ಹೇಳಲಿಲ್ಲ.

ಅದೇ ಹೊತ್ತಿಗೆ ನನಗೂ ಶುರುವಾಯಿತು. ನಾನು ಕೆಲಸಕ್ಕೆ ಹೋಗುತ್ತಿದ್ದ ಗಾರ್ಮೆಂಟ್ಸ್ ಮುಚ್ಚಿತ್ತು. ಕೆಲಸಕ್ಕೆ ಮತ್ತೆ ಕರೆಯುತ್ತಾರೋ ಇಲ್ಲವೋ ಎಂದು ನಿದ್ದೆಗೆಟ್ಟು ಕೂತವಳ ಮೊಣಕೈಯಲ್ಲಿ ಅದೇ ಕೆಂಪು ಮಚ್ಚೆ. ಅಮ್ಮ ಹೌಹಾರಿ, "ಯಾರ್ಗೂ ಬಾಯ್ಬಿಡಬ್ಯಾಡ, ಆಮೇಲೆ ಗಂಡು ಸಿಗಲ್ಲ," ಎಂದು ಅಂಥ ಬೇಸಿಗೆಯಲ್ಲೂ ಉದ್ದ ತೋಳಿನ ಅಂಗಿ ತೊಡಿಸಿದಳು. ದೊಡ್ಡಮ್ಮನಿಗೆ ಮಾತ್ರ ತೋರಿಸಿದೆ. ಏನೂ ಕೇಳದೆ ಎಣ್ಣೆ ಬಟ್ಟಲು ತಂದು ಹಚ್ಚಿದಳು.

ಒಂದು ಬೆಳಿಗ್ಗೆ ಡೈರಿಯ ಸಾಲಿನಲ್ಲಿ ಒಬ್ಬ ಕೂಗಿದ: "ಆಯಮ್ಮನ ಹಾಲು ನಮ್ಮ ಹಾಲಿಗೆ ಬೆರೆಸ್ಬ್ಯಾಡಿ!" ಮಾಸ್ಕನ್ನು ಗದ್ದಕ್ಕೆ ಇಳಿಸಿಕೊಂಡು ಬೀಡಿ ಸೇದುತ್ತಿದ್ದವನಿಗೆ ಆಕೆಯ ಕೈಯಿಂದ ಕೊರೊನಾ ಬರುವ ಭಯ! ಡೈರಿ ಸೆಕ್ರೆಟರಿ ಚಿಕ್ಕಂದಿನಿಂದ ದೊಡ್ಡಮ್ಮನ ಮನೆಯಲ್ಲಿ ಉಂಡು ಬೆಳೆದವನು. ಅವನು ನೆಲ ನೋಡುತ್ತ, "ಜನ ಒಪ್ಪಲ್ಲ ದೊಡ್ಡಮ್ಮ. ಗ್ಲೌಸ್ ಹಾಕ್ಕೊಂಡು ಕರೀರಿ," ಎಂದ. ಪಾಪ, ಅದನ್ನೂ ಮಾಡಿದಳು. ರಬ್ಬರಿನ ವಾಸನೆಗೆ ಹಸು ಬೆದರಿ ಬಕೆಟ್ ಒದ್ದು ಉರುಳಿಸಿತು.

ಮಾರನೆಯ ದಿನ ದೊಡ್ಡಮ್ಮ ಹಸು ಕರುವನ್ನೇ ಡೈರಿ ಮುಂದೆ ಹೊಡೆದುಕೊಂಡು ಬಂದಳು. ನಾನೂ ಹಿಂದೆ ಓಡಿದೆ. "ನನ್ ಕೈ ಬ್ಯಾಡ ಅಲ್ವೇನಪ್ಪಾ? ನಿಮ್ಮ ಕೈ ಚೆಂದಾಗವಲ್ಲ, ನೀವೇ ಕರೀರಿ," ಎಂದು ಬಕೆಟ್ ನೀಡಿದಳು. ಸೆಕ್ರೆಟರಿ ಕೂತ. ಬೀಡಿಯವನೂ ಕೂತ. ಹಸು ಕಾಲು ಝಾಡಿಸಿತೇ ಹೊರತು ಹನಿ ಹಾಲು ಇಳಿಸಲಿಲ್ಲ. ಆಗ ದೊಡ್ಡಮ್ಮ ಎಲ್ಲರೆದುರೇ ಕೈ ತೊಳೆದು, ಅದರ ಬೆನ್ನು ನೀವಿ, ಕೆಚ್ಚಲಿಗೆ ಕೈ ಹಾಕಿದಳು. ಸರ್ ಸರ್ ಎಂದು ಹಾಲು ಇಳಿಯಿತು. ಲೋಟ ತುಂಬಿಸಿ ಸೆಕ್ರೆಟರಿಯ ಮುಂದೆ ಹಿಡಿದಳು.

ಅವನು ಕೈ ಚಾಚಲಿಲ್ಲ. ಯಾರೂ ಚಾಚಲಿಲ್ಲ. ಲೋಟ ಹಿಡಿದ ಕೈಯನ್ನು ಆಕೆ ಇಳಿಸಲೂ ಇಲ್ಲ. ನನಗೆ ಎಲ್ಲಿತ್ತೋ ಸಿಟ್ಟು. ತೋಳು ಮೇಲಕ್ಕೆ ಸರಿಸಿ, ಎರಡೂ ಮೊಣಕೈ ಊರಿಗೇ ಕಾಣುವಂತೆ ಲೋಟ ಎತ್ತಿ ಗಟಗಟನೆ ಕುಡಿದೆ. "ನನಗೂ ಐತೆ, ನೋಡ್ಕಳಿ!" ಎಂದು ಕಿರುಚಿದೆ. ಸಾಲು ಇನ್ನಷ್ಟು ದೂರ ಸರಿಯಿತು. ಸುದ್ದಿ ಕೇಳಿ ಅಮ್ಮ ಹಣೆ ಹಣೆ ಚಚ್ಚಿಕೊಂಡಳು.

ಅವರಿಗೆ ಬುದ್ಧಿ ಬಂತು ಎಂದು ಬರೆಯಲು ನನಗೂ ಆಸೆ. ಬರಲಿಲ್ಲ. ಹಾಲನ್ನು ಕೊನೆಗೂ ತೆಗೆದುಕೊಳ್ಳಲಿಲ್ಲ. ದೊಡ್ಡಮ್ಮ ಹಸುವನ್ನು ತ್ಯಾಮಗೊಂಡ್ಲಿನವರಿಗೆ ಮಾರಿದಳು. ಆಮೇಲೆ ಖಾಲಿ ಕೊಟ್ಟಿಗೆಯನ್ನು ದಿನಾ ಗುಡಿಸುತ್ತಿದ್ದಳು. ಮಚ್ಚೆ ಬೆನ್ನಿಗೂ ಹಬ್ಬಿತು. ಹೋದ ವರ್ಷ ಎದೆನೋವು ಬಂದು ಹೊರಟುಹೋದಳು. ಮೈ ತೊಳೆಯುವ ಹೊತ್ತಿಗೆ ಹೆಂಗಸರು ಗ್ಲೌಸ್ ಹುಡುಕುತ್ತಿದ್ದರು. ನಾನು ಬರಿಗೈಯಲ್ಲೇ ತೊಳೆದೆ. ತಿಥಿಯ ದಿನ ಸೆಕ್ರೆಟರಿ ವಡೆ ಮುರಿಯುತ್ತ, "ದೊಡ್ಡಮ್ಮಂದು ಎಂಥಾ ಕೈಗುಣ!" ಎಂದ. ಅವನ ಎಲೆ ಎತ್ತಿ ಬಿಸಾಡಬೇಕೆನಿಸಿತು.

ನನ್ನ ಮಚ್ಚೆಗಳು ಹೋಗುತ್ತವೆ, ಮತ್ತೆ ಬರುತ್ತವೆ. ಮೊನ್ನೆ ದೇವನಹಳ್ಳಿ ಕಡೆಯವರು ಹೆಣ್ಣು ನೋಡಲು ಬಂದಿದ್ದರು. ಅಮ್ಮ ಉದ್ದ ತೋಳಿನ ರವಿಕೆ ತೆಗೆದಿಟ್ಟಿದ್ದಳು. ನಾನು ಗಿಡ್ಡ ತೋಳಿನದನ್ನೇ ತೊಟ್ಟು, ಮೊಣಕೈಗೆ ಕೊಬ್ಬರಿ ಎಣ್ಣೆ ಸವರಿಕೊಂಡು, ಕಾಫಿ ತಟ್ಟೆ ಹಿಡಿದು ಹೋದೆ. ಹುಡುಗನ ತಾಯಿಯ ಕಣ್ಣು ಅಲ್ಲೇ ನೆಟ್ಟಿತು, ಲೋಟಕ್ಕೆ ಚಾಚಿದ ಕೈ ಅರ್ಧಕ್ಕೇ ನಿಂತಿತು.

"ಅಂಟಲ್ಲ," ಎಂದೆ. "ತಗೊಳ್ಳಿ."