ನವಿಲಿಗೆ ಬೇಕಾದ ಗ್ರಾಫಿಕ್ಸ್ ಕಾರ್ಡ್

ಟಾವೆಲ್ ಮೇಲೆ ನವಿಲು ಬಿಡಿಸುವುದಕ್ಕೆ ಗ್ರಾಫಿಕ್ಸ್ ಕಾರ್ಡ್ ಬೇಕಾಗಿಲ್ಲ. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಯಾಕೆಂದರೆ ಮುಂದೆ ನಾನು ನಮ್ಮಪ್ಪನಿಗೆ ಇದಕ್ಕೆ ಪೂರ್ತಿ ಉಲ್ಟಾ ಮಾತನ್ನು ಬಹಳ ಗಂಭೀರ ಮುಖ ಮಾಡಿಕೊಂಡು ಹೇಳುವವಳಿದ್ದೇನೆ. ನವಿಲಿಗೆ ಒಂದು ಸಾಧಾರಣ ಕಂಪ್ಯೂಟರು, ಒಂದು ಮೌಸು, ಸ್ವಲ್ಪ ತಾಳ್ಮೆ ಸಾಕು. ಗ್ರಾಫಿಕ್ಸ್ ಕಾರ್ಡ್ ಬೇಕಾಗಿದ್ದದ್ದು ನನಗೆ. ಕಾರು ಓಡಿಸುವುದಕ್ಕೆ, ಕತ್ತಿ ಬೀಸುವುದಕ್ಕೆ, ಹೆಸರಿಲ್ಲದ ದ್ವೀಪಗಳಲ್ಲಿ ಶತ್ರುಗಳ ಬೆನ್ನು ಹತ್ತುವುದಕ್ಕೆ.

ನಮ್ಮದು ಚಪಳಗಾಂವದಲ್ಲಿ ಕುರಿ ಸಾಕುವ ಮನೆ. ನಾನು ಅಕ್ಕಲಕೋಟದಲ್ಲಿ ಓದು ಮುಗಿಸಿ, ಸೊಲ್ಲಾಪುರದ ಒಬ್ಬ ಟಾವೆಲ್ ವ್ಯಾಪಾರಿಗೆ ಡಿಸೈನ್ ಮಾಡಿಕೊಡುವ ಕೆಲಸ ಹಿಡಿದಿದ್ದೆ. ಪವರ್‌ಲೂಮಿಗೆ ಹೋಗುವ ಮುನ್ನ ಟಾವೆಲಿನ ಅಂಚಿನ ಬಳ್ಳಿ, ನಡುವಿನ ನವಿಲು ಎಲ್ಲವೂ ಕಂಪ್ಯೂಟರಿನಲ್ಲಿ ಚೌಕ ಚೌಕವಾಗಿ ತಯಾರಾಗಬೇಕು. ದಿನಾ ಬಸ್ಸಿನಲ್ಲಿ ಅವರ ಅಂಗಡಿಗೆ ಹೋಗಿ ಅವರ ಹಳೆಯ ಕಂಪ್ಯೂಟರಿನ ಮುಂದೆ ಕೂರುತ್ತಿದ್ದೆ. ಒಂದು ದಿನ ವ್ಯಾಪಾರಿ, "ನಿಮ್ದ ಒಂದು ಮಷೀನ್ ತಗೋರಿ, ಮನ್ಯಾಗ ಕೂತು ಮಾಡಿ ಕಳಸ್ರಿ" ಎಂದರು. ಆ ಮಾತಿಗಾಗಿ ನಾನು ಎಷ್ಟು ಕಾಲದಿಂದ ಬಾಯಿ ಬಿಟ್ಟುಕೊಂಡು ಕೂತಿದ್ದೆನೋ ಅವರಿಗೆ ಗೊತ್ತಿರಲಿಲ್ಲ.

ತೊಂದರೆಯೆಂದರೆ, ನಮ್ಮ ಮನೆಯಲ್ಲಿ ಆಟ ಎನ್ನುವ ಶಬ್ದವೇ ಬೈಗುಳ. ಅದಕ್ಕೆ ಕಾರಣ ನಾನೇ. ಶಾಲೆಗೆ ಹೋಗುವ ದಿನಗಳಲ್ಲಿ ದಿಬ್ಬದ ಮೇಲೆ ಕೂತು ಕುರಿ ಕಾಯುತ್ತ ಫೋನಿನಲ್ಲಿ ಆಟ ಆಡುತ್ತಿದ್ದೆ. ನಾನು ಅಲ್ಲಿ ಗೆಲ್ಲುತ್ತಿರುವಾಗ ಇಲ್ಲಿ ಹಿಂಡು ಪೂರ್ತಿ ಪಕ್ಕದವರ ಜೋಳಕ್ಕೆ ಬಿತ್ತು. ಆ ಹೊಲದವರು ಬೈದದ್ದನ್ನು ಅಪ್ಪ ಇವತ್ತಿಗೂ ಒಂದಕ್ಷರ ಬಿಡದೆ ಹೇಳಬಲ್ಲ. ಕಂಪ್ಯೂಟರ್ ಆಟಕ್ಕೆ ಎಂದು ಸುಳಿವು ಸಿಕ್ಕರೂ ಸಾಕು, ಕಾರ್ಡಿಗೆ ನಾನು ಎಳ್ಳುನೀರು ಬಿಡಬೇಕಾಗಿತ್ತು.

ಹಾಗೆಂದು ಹಣ ಅಪ್ಪನದಲ್ಲ. ನಮ್ಮಲ್ಲಿ ಹುಡುಗಿಯನ್ನು ತೊಟ್ಟಿಲಿಗೆ ಹಾಕಿದ ದಿನ ಅವಳ ಹೆಸರಿಗೆ ಒಂದು ಹೆಣ್ಣು ಮರಿ ಬಿಡುತ್ತಾರೆ. ಆ ಮರಿ, ಅದರ ಮರಿ, ಅದರ ಮೊಮ್ಮರಿ ಎಲ್ಲ ಅವಳವೇ. ನನ್ನ ಪಾಲಿನಲ್ಲಿ ಒಂದು ಟಗರು ಸೊಕ್ಕಿ ಬೆಳೆದಿತ್ತು. ಅದನ್ನು ಮಾರಿ ಬಂದದ್ದೇ ನನ್ನ ಬಜೆಟ್. ಆದರೆ ಕಂಪ್ಯೂಟರಿನ ವ್ಯಾಪಾರಕ್ಕೆ ಮಾತ್ರ ತಾನು ಬರಲೇಬೇಕು ಎಂದು ಅಪ್ಪ ಪಟ್ಟು ಹಿಡಿದ. "ಮಾಲು ನಿಂದು, ಖರೆ. ಕೈ ಮಾತ್ರ ನಂದು" ಎಂದ.

ಅದಕ್ಕೂ ಮುಂಚೆ ಭಾಗಗಳನ್ನು ಆರಿಸುವುದರಲ್ಲಿ ನಾನು ಊಟ ನಿದ್ದೆ ಬಿಟ್ಟಿದ್ದೆ. ಹಿಂದಿ, ಮರಾಠಿಯ ವಿಡಿಯೋ ನೋಡಿ ನೋಡಿ ತಲೆ ಕೆಟ್ಟಿತ್ತು. ಒಬ್ಬ ಈ ಪ್ರೊಸೆಸರ್ ಬಿಟ್ಟರೆ ಇನ್ನೊಂದಿಲ್ಲ ಎಂದರೆ, ಮತ್ತೊಬ್ಬ ಅದನ್ನು ಕೊಳ್ಳುವವರು ಮೂರ್ಖರು ಎನ್ನುತ್ತಿದ್ದ. ಕೊನೆಗೆ ನನ್ನದೇ ಒಂದು ನಿಯಮ ಮಾಡಿಕೊಂಡೆ: ಕಣ್ಣಿಗೆ ಕಾಣುವುದೆಲ್ಲ ಕಡಿಮೆ, ಆಟಕ್ಕೆ ಬರುವುದೆಲ್ಲ ಜಾಸ್ತಿ. ಪ್ರೊಸೆಸರ್ ಹಿಂದಿನ ಪೀಳಿಗೆಯದು, ಗಟ್ಟಿ ಆದರೆ ಅಗ್ಗ. ಮದರ್‌ಬೋರ್ಡ್ ಸಾದಾ. ರ‍್ಯಾಮ್ ಮಾತ್ರ ಜೋಡಿ, ಒಂಟಿ ಹಾಕಿದರೆ ಕುಂಟುತ್ತದೆ. ಡಬ್ಬಿ, ಎಂದರೆ ಕ್ಯಾಬಿನೆಟ್, ಯಾವುದಾದರೂ ತಗಡು. ಬಣ್ಣದ ದೀಪ ಒಂದೂ ಬೇಡ. ಹೀಗೆ ಅಲ್ಲಿ ಇಲ್ಲಿ ಹಿಂಡಿ ಉಳಿಸಿದ್ದನ್ನೆಲ್ಲ ಗ್ರಾಫಿಕ್ಸ್ ಕಾರ್ಡಿಗೆ ಸುರಿದೆ. ಮದುವೆಯಲ್ಲಿ ಊಟಕ್ಕೆ ಕಡಿಮೆ ಮಾಡಿ ಬ್ಯಾಂಡಿಗೆ ಹಾಕುವವರಿರುತ್ತಾರಲ್ಲ, ನಾನು ಆ ಜಾತಿ.

ಕಂಪ್ಯೂಟರ್ ಅಂಗಡಿ ಸೊಲ್ಲಾಪುರದ ವಿಜಾಪುರ ರಸ್ತೆಯಲ್ಲಿತ್ತು. ಮಾಲೀಕ ಬಟ್ಟೆ ವ್ಯಾಪಾರದ ಮನೆತನದವನು, ನಗುಮುಖದ ತರುಣ. ನನ್ನ ಆಯ್ಕೆ ಕೇಳುತ್ತ ಕೇಳುತ್ತ ಅವನ ಹುಬ್ಬು ಮೇಲೇರಿತು. "ಗೇಮಿಂಗ್ ಸಾಠಿ ಕಾ?" ಎಂದು, ಗೇಮಿಂಗಿಗಾ ಎಂದು, ಮರಾಠಿಯಲ್ಲಿ ಕೇಳಿಯೇಬಿಟ್ಟ. ಅಪ್ಪನಿಗೆ ಮರಾಠಿ ನನಗಿಂತ ಚೆನ್ನಾಗಿ ಬರುತ್ತದೆ. ಗೇಮಿಂಗ್ ಎನ್ನುವುದು ಬರುವುದಿಲ್ಲ, ಅದೊಂದೇ ನನ್ನ ಪುಣ್ಯ.

"ಡಿಸೈನ್ ಸಾಠಿ," ಎಂದು ಅವಸರದಿಂದ ತಿದ್ದಿದೆ. "ಟಾವೆಲ್ ಡಿಸೈನ್. ನವಿಲು."

ಮಾಲೀಕ ನನ್ನ ಮುಖ ನೋಡಿದ, ಅಪ್ಪನ ಮುಖ ನೋಡಿದ. ಅವನ ಅಂಗಡಿಗೆ 'ಪ್ರಾಜೆಕ್ಟಿಗೆ', 'ಅಭ್ಯಾಸಕ್ಕೆ' ಎಂದು ಅಪ್ಪಂದಿರನ್ನು ಕರೆತಂದವರಲ್ಲಿ ನಾನು ಮೊದಲನೆಯವಳಲ್ಲ. "ಹೌದ್ರಿ," ಎಂದ ಕನ್ನಡಕ್ಕೆ ಹೊರಳಿ, "ನವಿಲಂದ್ರ ಕಾರ್ಡ್ ಬೇಕ ಬೇಕು."

ಅಲ್ಲಿಂದ ಅಪ್ಪನ ಪರೀಕ್ಷೆ ಶುರುವಾಯಿತು. ಸಂತೆಯಲ್ಲಿ ಕುರಿ ಕೊಳ್ಳುವವನು ಮೊದಲು ಬೆನ್ನು ಒತ್ತುತ್ತಾನೆ, ಎತ್ತಿ ತೂಕ ನೋಡುತ್ತಾನೆ, ಹಲ್ಲು ಎಣಿಸುತ್ತಾನೆ, ಆಮೇಲೆ ನಡೆಸಿ ನೋಡುತ್ತಾನೆ. ಅಪ್ಪ ರ‍್ಯಾಮಿನ ಪಟ್ಟಿ ತಿರುಗಿಸಿ ಅದರ ಚಿನ್ನದ ಬಣ್ಣದ ಹಲ್ಲುಗಳನ್ನು ಉಗುರಿನಿಂದ ಮುಟ್ಟಹೋದಾಗ ಮಾಲೀಕ ಮೆಲ್ಲಗೆ ಕಸಿದುಕೊಂಡ. ಅಪ್ಪ ಪ್ರೊಸೆಸರನ್ನು ಅಂಗೈಯಲ್ಲಿಟ್ಟು, "ಇಷ್ಟ ಏನು? ಹುಟ್ಟಿದ ಮರೀನೂ ಇದಕ್ಕಿಂತ ದೊಡ್ಡದಿರತೈತಿ" ಎಂದು ಮುಖ ಕಿವುಚಿದ. ಅವನ ಮನಸ್ಸು ಹೋದದ್ದು ಮೂಲೆಯಲ್ಲಿ ಏಳು ಬಣ್ಣಗಳಲ್ಲಿ ಮಿನುಗುತ್ತಿದ್ದ ಗಾಜಿನ ಕ್ಯಾಬಿನೆಟ್ಟಿನ ಮೇಲೆ. ಅದರ ಒಳಗೆ ಬರೀ ಗಾಳಿ ಎಂದು ನಾನು ಎಷ್ಟು ಹೇಳಿದರೂ, "ಮೈ ತುಂಬ್ಯಾದ ನೋಡು" ಎಂದು ಅದನ್ನೇ ಸುತ್ತು ಹಾಕಿದ.

ನಡೆಸಿ ತೋರಿಸಿ ಎಂದು ಅಪ್ಪ ಹಠ ಹಿಡಿದದ್ದರಿಂದ ಮಾಲೀಕ ನನ್ನಂಥದೇ ಕಾರ್ಡ್ ಇದ್ದ ಒಂದು ಮಷೀನನ್ನು ಚಾಲೂ ಮಾಡಿದ. ಪರದೆಯ ಮೇಲೆ ಕಾಡು, ಹೊಳೆ, ಬೆಟ್ಟ ಸರಸರನೆ ಓಡಿದವು. "ನವಿಲು ಎಲ್ಲೈತಿ?" ಎಂದ ಅಪ್ಪ. "ಇನ್ನ ಬರೂದೈತ್ರಿ" ಎಂದ ಮಾಲೀಕ. ನವಿಲು ಬರುವ ತನಕ ಅಪ್ಪ ಸುಮ್ಮನಿರಬೇಕಲ್ಲ. ತೆರೆದ ಡಬ್ಬಿಯ ಹಿಂಬದಿಗೆ ಕೈ ಹಿಡಿದ, ಥಟ್ಟನೆ ಹಿಂದಕ್ಕೆ ತೆಗೆದ.

"ಮೈ ಕಾದೈತಿ," ಎಂದ. "ಜ್ವರ. ಇದು ಬ್ಯಾಡ."

ಕಾರ್ಡ್ ಕೆಲಸ ಮಾಡುವಾಗ ಬಿಸಿಯಾಗುತ್ತದೆ ಎಂದೆ. ನವಿಲಿನ ಒಂದೊಂದು ಗರಿಗೂ ಬೇರೆ ಬಣ್ಣ, ಅಷ್ಟು ಲೆಕ್ಕ ಮಾಡಿ ಅದಕ್ಕೆ ಸುಸ್ತಾಗುತ್ತದೆ ಎಂದೆ. "ದುಡದ್ರ ಬೆವರಬೇಕು. ಜ್ವರ ಯಾಕ ಬರಬೇಕು?" ಎಂದು ಅಪ್ಪ ಚಪ್ಪಲಿ ಹುಡುಕತೊಡಗಿದ. ಮುಗಿಯಿತು, ಟಗರೂ ಹೋಯಿತು, ಕಾರ್ಡೂ ಹೋಯಿತು ಎಂದು ನನಗೆ ಅಳು ಬಂತು. ನಿಜವಾಗಿಯೂ ಬಂತು.

ಆಗ ಬಾಯಿ ಹಾಕಿದವನು ಮಾಲೀಕ. "ಕಾಕಾ, ಟಗರಿನ ಕಾಳಗ ನೋಡೀರಿಲ್ರಿ? ಕಾದಾಡೋ ಟಗರಿನ ಮೈ ಬೆಚ್ಚಗಾಗೂದಿಲ್ಲೇನು? ಇದು ಕಾದಾಡೋ ಮಾಲು. ತಣ್ಣಗಿತ್ತಂದ್ರ ಆವಾಗ ಗಾಬರಿ ಆಗ್ರಿ."

ಅಪ್ಪ ನಿಂತ. ತನ್ನ ಕಾಲದ ಟಗರುಗಳನ್ನೆಲ್ಲ ಒಂದು ಸುತ್ತು ನೆನೆಸಿಕೊಂಡಿರಬೇಕು. "ಹಂಗೇನು?" ಎಂದು ತಿರುಗಿ ಬಂದ.

ಇನ್ನು ಬೆಲೆ. ಮಾಲೀಕ ಹೇಳಿದ್ದು ನನ್ನ ಟಗರಿಗೆ ನಿಲುಕದಷ್ಟು ಮೇಲಿತ್ತು, ಅಪ್ಪನ ಗಾಜಿನ ಕ್ಯಾಬಿನೆಟ್ಟೂ ಅದರಲ್ಲಿ ಸೇರಿತ್ತು. ಕಾರ್ಡ್ ಒಂದನ್ನು ಬಿಟ್ಟರೆ ಎಲ್ಲ ಹೊಂದುತ್ತದೆ ಎಂದು ಅವನು ಹೇಳುತ್ತಿರುವಾಗಲೇ ಅಪ್ಪ ಹೆಗಲ ಮೇಲಿನ ಟಾವೆಲ್ ತೆಗೆದು ಅವನ ಬಲಗೈ ಮೇಲೆ ಹೊದಿಸಿದ. ನಮ್ಮ ದನದ ಸಂತೆ, ಕುರಿ ಸಂತೆಗಳಲ್ಲಿ ಬೆಲೆಯನ್ನು ಬಾಯಿಂದ ಹೇಳುವುದಿಲ್ಲ. ಬಟ್ಟೆಯ ಕೆಳಗೆ ಒಬ್ಬರ ಬೆರಳನ್ನು ಒಬ್ಬರು ಹಿಡಿದು ಹೇಳುತ್ತಾರೆ, ನೋಡುವವರಿಗೆ ತಿಳಿಯದಿರಲೆಂದು. ಮರಳಿ ಒತ್ತಿದರೆ ಒಪ್ಪಿಗೆ. ಒಪ್ಪಿದ ಮೇಲೆ ಹಿಂದೆ ಸರಿದವನಿಗೆ ಸಂತೆಯಲ್ಲಿ ಮುಖವಿಲ್ಲ.

ಮಾಲೀಕನಿಗೆ ಇದೊಂದೂ ಗೊತ್ತಿರಲಿಲ್ಲ. ಹಿರಿಯರು ಪ್ರೀತಿಯಿಂದ ಕೈ ಹಿಡಿದಿದ್ದಾರೆ ಎಂದುಕೊಂಡ ಆ ಮರ್ಯಾದಸ್ಥ ಮನುಷ್ಯ ತಾನೂ ಪ್ರೀತಿಯಿಂದ ಒತ್ತಿದ.

"ಆತು!" ಎಂದು ಅಪ್ಪ ಟಾವೆಲ್ ಕೊಡವಿ ಹೆಗಲಿಗೇರಿಸಿ, ಅಂಗಿಯ ಒಳಜೇಬಿಗೆ ಕೈ ಹಾಕಿದ.

"ಅಹೋ, ಕಾಯ್ ಝಾಲಂ?" ಎಂದು, ಏನಾಯಿತೆಂದು ತಿಳಿಯದೆ, ಮಾಲೀಕ ನನ್ನ ಕಡೆ ನೋಡಿದ. ನೀವು ಈಗ ವ್ಯಾಪಾರಕ್ಕೆ ಒಪ್ಪಿದಿರಿ, ನಮ್ಮ ಕೈಯಲ್ಲಿರುವಷ್ಟಕ್ಕೇ ಒಪ್ಪಿದಿರಿ ಎಂದು ನಾನು ನೆಲ ನೋಡುತ್ತ ವಿವರಿಸಿದೆ. ಅವನು ತನ್ನ ಬೆರಳುಗಳನ್ನು ಬಿಡಿಸಿ ನೋಡಿಕೊಂಡ. ಅಂಗಡಿಯಲ್ಲಿದ್ದ ಬೇರೆ ಗಿರಾಕಿಗಳು ನಗತೊಡಗಿದ್ದರು. ಅವನೂ ನಕ್ಕ, ಹೊಟ್ಟೆ ಹಿಡಿದುಕೊಂಡು ನಕ್ಕ. ಕೊನೆಗೆ ಗಾಜಿನ ಕ್ಯಾಬಿನೆಟ್ ತೆಗೆದು ಅತಿ ಸಾದಾ ತಗಡಿನ ಡಬ್ಬಿ ಇಟ್ಟ, ಕಾರ್ಡ್ ಬಿಟ್ಟುಕೊಟ್ಟ. ಅಪ್ಪನ ಹೆಗಲ ಮೇಲೆ ಇದ್ದದ್ದು ನಾನೇ ಬಿಡಿಸಿದ ನವಿಲಿನ ಟಾವೆಲ್. ನವಿಲಿಗೆ ಅವತ್ತು ಮನಸ್ಸಿನಲ್ಲೇ ಕೈ ಮುಗಿದೆ.

ಬಸ್ಸಿನಲ್ಲಿ ಮಡಿಲ ತುಂಬ ಪೆಟ್ಟಿಗೆಗಳನ್ನು ಹೊತ್ತು ಕೂತ ಅಪ್ಪ ಅಕ್ಕಲಕೋಟ ದಾಟುವ ತನಕ ಒಂದೊಂದನ್ನೇ ಎತ್ತಿ ತೂಕ ನೋಡುತ್ತಿದ್ದ. ಆಮೇಲೆ, "ನವಿಲು ಭಾಳ ಖರ್ಚಿನ ಹಕ್ಕಿ ಐತಿ ಬಿಡವ್ವ" ಎಂದ.

ಮನೆಯಲ್ಲಿ ಜೋಡಿಸಿ, ಗುಂಡಿ ಒತ್ತಿ, ಫ್ಯಾನುಗಳು ತಿರುಗಿ, ಪರದೆ ಬೆಳಗಿತು. ನಾನು ಹಿಗ್ಗಿ ಹೀರೇಕಾಯಿಯಾಗಿ ನಿಂತಿದ್ದೆ. ಅಪ್ಪ ಎಲ್ಲಿ ಹೋದ ಎಂದು ನೋಡುವಷ್ಟರಲ್ಲಿ ದೇವರ ಗೂಡಿನಿಂದ ಬಂದ. ಹೊಸ ಕುರಿ ದೊಡ್ಡಿಗೆ ಬಂದರೆ ನಾವು ಬೀರೋಬಾನ ಹೆಸರಿನಲ್ಲಿ ಭಂಡಾರ ಹಾರಿಸುತ್ತೇವೆ, ಅರಿಶಿನದ ಪುಡಿ. ಕುರಿ ಕೊಟ್ಟು ತಂದದ್ದು ಕುರಿಯ ಲೆಕ್ಕಕ್ಕೇ ಬರುತ್ತದೆ. "ಅಪ್ಪಾ, ಬ್ಯಾಡ!" ಎಂದು ನಾನು ಕೂಗುವ ಮೊದಲೇ ಒಂದು ಹಿಡಿ ಭಂಡಾರ ಹಾರಿತು. ಕುರಿಯಾಗಿದ್ದರೆ ಮೈ ಕೊಡವಿಕೊಳ್ಳುತ್ತಿತ್ತು. ಇದು ಮುಂದಿನ ಫ್ಯಾನಿನಿಂದ ಅಷ್ಟನ್ನೂ ಸರ್ರನೆ ಒಳಗೆಳೆದುಕೊಂಡಿತು.

"ನೋಡು, ಎಷ್ಟು ಭಕ್ತಿಲೆ ತಗೊಂತು!" ಎಂದು ಅಪ್ಪನಿಗೆ ಕಣ್ಣು ತುಂಬಿ ಬಂತು. ನನಗೂ ತುಂಬಿ ಬಂತು, ಕಾರಣ ಬೇರೆ.

ವೈರು ಕಿತ್ತು, ಡಬ್ಬಿ ಬಿಚ್ಚಿ, ಬಣ್ಣದ ಕುಂಚದಿಂದ ಒಂದೊಂದೇ ಭಾಗವನ್ನು ಒರೆಸಿದೆ. ಎಲ್ಲ ಸ್ವಚ್ಛವಾಯಿತು, ಕಾರ್ಡಿನ ಒಳಗಿನ ಸಣ್ಣ ತಗಡುಗಳ ಸಂದಿಯೊಂದು ಬಿಟ್ಟು. ಅದನ್ನು ಬಿಚ್ಚಿದರೆ ಗ್ಯಾರಂಟಿ ಹೋಗುತ್ತದೆ. ಬೀರೋಬಾ ಅಲ್ಲೇ ಇರಲಿ ಎಂದು ಬಿಟ್ಟೆ.

ಮಷೀನು ಕೆಡಲಿಲ್ಲ. ಆದರೆ ಹೊಸ ಸಂಕಟ ಬಂತು. ನವಿಲು ಬಿಡಿಸುವಾಗ ಕಾರ್ಡಿಗೆ ಕೆಲಸವಿಲ್ಲ, ತಣ್ಣಗಿರುತ್ತದೆ. ಆಟ ಶುರುವಾದರೆ ಕಾಯುತ್ತದೆ, ಕಾದರೆ ಸಂದಿಯ ಅರಿಶಿನ ಘಮ್ಮೆನ್ನುತ್ತದೆ. ಮೊದಲ ಸಂಜೆ ನಾನು ಕಿವಿಗೆ ಹೆಡ್‌ಫೋನ್ ಸಿಕ್ಕಿಸಿ, ಬಾಗಿಲು ಅರ್ಧ ಮುಚ್ಚಿ, ಯಾರಾದರೂ ಬಂದರೆ ಆಟವನ್ನು ಮುಚ್ಚಲು ಒಂದು ನವಿಲನ್ನು ತಯಾರಿಟ್ಟುಕೊಂಡು ಕೂತಿದ್ದೆ. ಅಂಗಳದಿಂದ ಅಪ್ಪನ ದನಿ ಬಂತು: "ದೇವರ ಮುಂದ ಯಾರರ ಕೂತಾರೇನು? ಭಂಡಾರದ ವಾಸನಿ ಬರಾಕತ್ತೈತಿ."

"ನವಿಲು ಬಿಡಸಾಕತ್ತೀನಿ ಅಪ್ಪಾ!"

"ಹೂಂ. ದೊಡ್ಡ ನವಿಲು ಇರಬೇಕು."

ಅಲ್ಲಿಂದ ಪ್ರತಿ ಸಂಜೆ ಇದೇ ಮಾತು. ಅವನಿಗೆ ಗೊತ್ತೋ ಇಲ್ಲವೋ ನನಗೆ ಬಗೆಹರಿಯಲಿಲ್ಲ. ಇವತ್ತು ಕಾರ್ಡ್ ಕಿತ್ತು ಮಾರು ಎನ್ನುತ್ತಾನೆ, ನಾಳೆ ಎನ್ನುತ್ತಾನೆ ಎಂದು ಕಾಯುತ್ತ ಆಡಿದೆ. ಭಯಕ್ಕೆ ಆಟ ಬಿಡುವವಳಂತೂ ನಾನಲ್ಲ.

ದೀಪಾವಳಿ ಹತ್ತಿರವಾದಾಗ ವ್ಯಾಪಾರಿಯಿಂದ ದೊಡ್ಡ ಆರ್ಡರ್ ಬಂತು. ದಿನಗಟ್ಟಲೆ ಬರೀ ನವಿಲು, ಬಳ್ಳಿ, ಮತ್ತೆ ನವಿಲು. ಬೆನ್ನು ನೋವು, ಕಣ್ಣು ಉರಿ, ಆಟದ ನೆನಪೂ ಇಲ್ಲ. ಒಂದು ಸಂಜೆ ಕುರಿಗಳನ್ನು ದೊಡ್ಡಿಯಲ್ಲಿ ಕೂಡಿಹಾಕಿ ಅಪ್ಪ ಒಳಗೆ ಬಂದು ನನ್ನ ಪಕ್ಕ ನಿಂತ. ತಗಡಿನ ಡಬ್ಬಿಯ ಮೇಲೆ ಅಂಗೈ ಇಟ್ಟ. ಸ್ವಲ್ಪ ಹೊತ್ತು ಬಿಟ್ಟು ಹಿಂಬದಿಗೂ ಇಟ್ಟ.

"ತಣ್ಣಗೈತಿ," ಎಂದ. "ತಣ್ಣಗಿದ್ರ ಗಾಬರಿ ಆಗ್ರಿ ಅಂತ ಆ ಅಂಗಡ್ಯಾಂವ ಹೇಳಿದ್ದ."

"ನವಿಲು ಬಿಡಸಾಕತ್ತೀನಲ್ಲಪ್ಪಾ."

"ಅದ ಅಂತೀನಿ. ನವಿಲು ಬಿಡಸೂವಾಗ ಇದು ಯಾವತ್ತರ ಕಾದೈತೇನು?"

ಅಪ್ಪ ಹೆಗಲ ಟಾವೆಲಿನಿಂದ ಡಬ್ಬಿಯ ಮೇಲಿನ ಧೂಳು ಒರೆಸಿದ, ನಮ್ಮ ಟಗರಿನ ಬೆನ್ನು ಸವರುತ್ತಿದ್ದ ಹಾಗೇ. "ಎಷ್ಟ ದಿನ ಕಟ್ಟಿಹಾಕ್ತಿ ಇದನ್ನ? ಒಂದೀಟು ಹೊರಗ ಬಿಟ್ಟು ಮೇಯಿಸು," ಎಂದು ಬಾಗಿಲ ತನಕ ಹೋದವನು ತಿರುಗಿ ನೋಡಿದ.

"ಈ ಸಲಾನೂ ಯಾರದರ ಜ್ವಾಳಕ್ಕ ಬಿಟ್ಟೀ, ನೋಡು."