ಮಾಹಿತಿ ಕೊಟ್ಟವರು: ಸೊಸೆ

ನಮ್ಮ ದೊಡ್ಡಮ್ಮ ತೀರಿಕೊಂಡ ಸುದ್ದಿಯನ್ನು ನನಗೆ ಮೊದಲು ಹೇಳಿದವಳು ದೊಡ್ಡಮ್ಮನೇ. ಆಗ ಕೊಪ್ಪದ ಬಸ್ ಸ್ಟ್ಯಾಂಡಿನ ಹತ್ತಿರ ನನ್ನದೊಂದು ಜೆರಾಕ್ಸ್ ಮತ್ತು ಟೈಪಿಂಗ್ ಅಂಗಡಿ ಇತ್ತು. ಬೆಳಿಗ್ಗೆ ಬಾಗಿಲು ತೆಗೆದು ಇನ್ನೂ ಊದಿನಕಡ್ಡಿ ಹಚ್ಚಿರಲಿಲ್ಲ, ಫೋನು ಹೊಡೆದುಕೊಂಡಿತು.

"ಮಾಣೀ, ನಾನು ಸತ್ತೋಗಿದೀನಂತೆ ಮಾರಾಯ!"

ಇಂಥ ಮಾತಿಗೆ ಎಂತ ಉತ್ತರ ಕೊಡುವುದು? "ಯಾವಾಗ?" ಅಂದುಬಿಟ್ಟೆ. ಆ ಕಡೆಯಿಂದ ಬಂದ ಬೈಗುಳವನ್ನು ಇಲ್ಲಿ ಬರೆಯುವ ಹಾಗಿಲ್ಲ.

ಆಗಿದ್ದು ಇಷ್ಟು. ಚುನಾವಣೆ ಹತ್ತಿರ ಬಂದಿತ್ತು. ಮತದಾರರ ಹೊಸ ಪಟ್ಟಿಯನ್ನು ಅಡ್ಡಗದ್ದೆ ಕಡೆಯ ನಮ್ಮೂರ ಶಾಲೆಯ ಗೋಡೆಗೆ ಅಂಟಿಸಿದ್ದರು. ದೊಡ್ಡಪ್ಪ ಕನ್ನಡಕ ಏರಿಸಿಕೊಂಡು ಓದಿದರೆ ಅವರ ಹೆಸರಿದೆ, ಹೆಂಡತಿಯದು ಮಾತ್ರ ತೆಗೆದುಹಾಕಿದವರ ಸಾಲಿನಲ್ಲಿದೆ. ಪಕ್ಕದಲ್ಲಿ 'ಮೃತ' ಅಂತ ಷರಾ. ಸುಮ್ಮನೆ ಬಂದು ವಿಷಯ ಹೇಳಿದ್ದರೆ ಆಗುತ್ತಿತ್ತು. "ಇನ್ನೊಂದು ಹೆಣ್ಣು ನೋಡಕ್ಕೆ ಅಡ್ಡಿಯಿಲ್ಲ ಕಣೇ, ಸರ್ಕಾರನೇ ಬರ್ದು ಕೊಟ್ಟಿದೆ" ಅಂದರಂತೆ. ಅವತ್ತು ಮಧ್ಯಾಹ್ನ ಅವರಿಗೆ ಬರೀ ಗಂಜಿ.

ಓಟಿನ ವಿಷಯದಲ್ಲಿ ದೊಡ್ಡಮ್ಮನ ಹತ್ತಿರ ತಮಾಷೆ ನಡೆಯುವುದಿಲ್ಲ. ಆ ಮನೆಯಲ್ಲಿ ದನ ಮಾರುವುದರಿಂದ ಹಿಡಿದು ಮಗನ ಮದುವೆಯವರೆಗೆ ಯಾವುದಕ್ಕೂ ಅವಳನ್ನು ಕೇಳಿದವರಿಲ್ಲ. ಅವಳು ಯಾರನ್ನೂ ಕೇಳದೆ ಮಾಡುತ್ತಿದ್ದ ಕೆಲಸವೆಂದರೆ ಓಟು ಹಾಕುವುದೊಂದೇ. ಯಾರಿಗೆ ಹಾಕಿದೆ ಎಂದು ದೊಡ್ಡಪ್ಪನಿಗೂ ಹೇಳಿದವಳಲ್ಲ. ಬೆರಳಿನ ಶಾಯಿ ತಾನಾಗಿ ಹೋಗುವವರೆಗೆ ಆ ಬೆರಳಿಗೆ ಹುಣಸೆಹಣ್ಣು ತಾಗಿಸುತ್ತಿರಲಿಲ್ಲ. ಈಗ ಅದನ್ನೇ ಕಿತ್ತುಕೊಂಡಿದ್ದಾರೆ ಅಂದರೆ ಅವಳು ಸುಮ್ಮನಿರುತ್ತಾಳೆಯೆ?

ಇಲ್ಲಿ ಅವಳ ಹೆಸರಿನ ವಿಷಯ ಹೇಳಬೇಕು. ಹೆಸರು ಮಾತ್ರ ಹೇಳುವುದಿಲ್ಲ. ಅವಳಿಗೆ ಬಾಳೆಹೊನ್ನೂರಿನ ತವರಿನಲ್ಲಿ ಇಟ್ಟ ಹೆಸರೂ ಅವಳ ಅತ್ತೆಯ ಹೆಸರೂ ಒಂದೇ ಆಗಿತ್ತು. ಮಗ ಹೆಂಡತಿಯನ್ನು ಕರೆದರೆ ತಾಯಿ ಓಗೊಡಬೇಕು, ಹೆಂಡತಿಗೆ ಬೈದರೆ ತಾಯಿಗೇ ಬೈದ ಹಾಗೆ. ಹಾಗಾಗಿ ಧಾರೆಯಾದ ದಿನವೇ ಅವಳಿಗೆ ಬೇರೆ ಹೆಸರಿಟ್ಟು ಮನೆ ತುಂಬಿಸಿಕೊಂಡರು. ನಾವೆಲ್ಲ ಕೇಳಿದ್ದು ಆ ಹೊಸ ಹೆಸರನ್ನೇ. ಅವಳು ಕಲಿತ ನಾಲ್ಕನೇ ಕ್ಲಾಸಿನ ಸರ್ಟಿಫಿಕೇಟಿನಲ್ಲಿ ಹಳೆಯದು ಇತ್ತಾದ್ದರಿಂದ ಮತದಾರರ ಪಟ್ಟಿಗೆ ಹಳೆಯದೇ ಹೋಯಿತು. ಹೀಗೆ ಒಂದೇ ಹೆಸರು ಬೂತಿನಲ್ಲಿ ದೊಡ್ಡಮ್ಮನದು, ಮನೆಯಲ್ಲಿ ಅತ್ತೆಯದು. ಅತ್ತೆ ತೀರಿಕೊಂಡು ಎಷ್ಟೋ ವರ್ಷವಾದ ಮೇಲೂ ಜಗಲಿಯ ಫೋಟೋದ ಕೆಳಗೆ ಆ ಹೆಸರು ಗಟ್ಟಿಯಾಗಿ ಕೂತಿತ್ತು.

ಮರುದಿನ ಅವಳನ್ನು ಕರೆದುಕೊಂಡು ಶೃಂಗೇರಿಗೆ ಹೋದೆ. ಆಫೀಸಿನ ಗುಮಾಸ್ತ ಒಳ್ಳೆಯವನೇ. ಸ್ಟೂಲು ಹಾಕಿ ಕೂರಿಸಿದ, ಕಡತ ತೆಗೆದು ನೋಡಿದ.

"ಹೌದು, ತೀರ್ಕೊಂಡಿದಾರೆ" ಅಂದ.

"ನಾನೇ ಕಣಪ್ಪ ಅದು" ಅಂದಳು ದೊಡ್ಡಮ್ಮ.

ಅವನು ಎದ್ದು ನಿಂತ. ಸತ್ತವರ ಎದುರು ಕೂತಿರಬಾರದು ಅನ್ನಿಸಿತೋ ಏನೋ. "ಅಮ್ಮ, ನೀವು ಇರೋದು ನಂಗೆ ಕಾಣ್ತದೆ. ಕಡತಕ್ಕೆ ಕಾಣಲ್ಲ. ಹೊಸದಾಗಿ ಸೇರಿಸೋ ಅರ್ಜಿ ಕೊಡ್ತೀನಿ, ಒಂದು ಸಹಿ ಹಾಕಿ. ಓಟಿನ ದಿನದೊಳಗೆ ಸರಿಯಾಗ್ತದೆ."

ಅಷ್ಟಕ್ಕೆ ಮುಗಿಯಬೇಕಿತ್ತು. ನಾನು ಪೆನ್ನನ್ನೂ ತೆಗೆದಿದ್ದೆ. ದೊಡ್ಡಮ್ಮ ಕೈ ಸೆರಗಿನೊಳಗೆ ಇಟ್ಟುಕೊಂಡಳು. "ಹೊಸದಾಗಿ ಎಂತಕ್ಕೆ ಸೇರ್ಬೇಕು? ನಾನು ಎಲ್ಲಿಗೆ ಹೋಗಿದ್ದೆ? ನನ್ನ ಕೊಂದವರು ಯಾರು ಅಂತ ಮೊದ್ಲು ಗೊತ್ತಾಗ್ಬೇಕು. ಆಮೇಲೆ ಸಹಿ."

ಕೊಂದವರು ಯಾರೆಂದು ಅವಳು ಆಗಲೇ ತೀರ್ಮಾನಿಸಿಯಾಗಿತ್ತು. ಆಚೆಮನೆಯ ಅಕ್ಕ. ಇಬ್ಬರೂ ಮದುವೆಯಾಗಿ ಬಂದಾಗಿನಿಂದ ಜೊತೆ. ಬೂತಿಗೂ ಜೊತೆಯಲ್ಲೇ ಹೋಗುತ್ತಿದ್ದರು, ಪಕ್ಷ ಮಾತ್ರ ಬೇರೆಬೇರೆ ಎಂದು ನಮ್ಮೆಲ್ಲರ ಗುಮಾನಿ. ಅಕ್ಕನ ಮಗ ಪಕ್ಷವೊಂದರ ಬೂತ್ ಏಜೆಂಟ್, ಪಟ್ಟಿ ಬಗಲಲ್ಲಿಟ್ಟುಕೊಂಡೇ ತಿರುಗುವವನು. ದೊಡ್ಡಮ್ಮನಿಗೆ ಅಷ್ಟೇ ಸಾಕಾಯಿತು. ಬೇಲಿ ದಾಟಿ ಹೋಗುತ್ತಿದ್ದ ಮಜ್ಜಿಗೆ ನಿಂತಿತು. ದಾಸವಾಳ ನಿಂತಿತು. ಅಕ್ಕನ ಬೆಕ್ಕು ಬಂದರೆ ಅದಕ್ಕೂ ಮುಖ ತಿರುಗಿಸಿದಳು. ಎಂತ ಆಯ್ತೆಂದು ಕೇಳಲು ಅಕ್ಕನೇ ಬಂದರೆ, "ಸತ್ತವ್ರ ಹತ್ರ ಎಂತ ಮಾತು" ಅಂತ ಒಳಗೆ ಹೋದಳಂತೆ. ನನಗೆ ನಿಜಕ್ಕೂ ಬೇಜಾರಾಯಿತು. ನಾನು ಆ ಎರಡೂ ಮನೆಯ ಮಜ್ಜಿಗೆ ಕುಡಿದು ಬೆಳೆದವನು.

ಮಾಹಿತಿ ಹಕ್ಕಿನ ಕಾನೂನು ಬಂದು ಒಂದೆರಡು ವರ್ಷವಾಗಿತ್ತು. ಅದರ ಅರ್ಜಿ ಬರೆಯುವುದರಲ್ಲಿ ಕೊಪ್ಪದಲ್ಲಿ ನನ್ನದು ಒಂದು ಕೈ ಮೇಲು ಎಂಬ ಜಂಬ ನನಗಿತ್ತು. ಜನ ತಮ್ಮ ದಾಖಲೆಗಾಗಿ ಬರುತ್ತಾರೆಂದು ಮೊದಲು ತಿಳಿದಿದ್ದೆ. ಎಂಥದ್ದೂ ಇಲ್ಲ. ಷಡ್ಡಕನ ಪಹಣಿ ಬೇಕು, ಬೀಗರ ರೇಷನ್ ಕಾರ್ಡಿನ ಬಣ್ಣ ಯಾವುದು, ಎದುರುಮನೆಯವನ ನಿಜವಾದ ವಯಸ್ಸೆಷ್ಟು, ಇವೇ. ತನ್ನ ಸಾವಿನ ಬಗ್ಗೆ ತಾನೇ ಮಾಹಿತಿ ಕೇಳಿದವಳು ದೊಡ್ಡಮ್ಮ ಒಬ್ಬಳೇ. "ನಾನು ಮೃತಳಾಗಿರುವ ಬಗ್ಗೆ ತಮ್ಮ ಕಚೇರಿಗೆ ತಿಳಿಸಿದವರು ಯಾರು ಎಂಬುದರ ದೃಢೀಕೃತ ನಕಲನ್ನು ನನಗೆ ದಯಪಾಲಿಸಬೇಕಾಗಿ ವಿನಂತಿ" ಎಂದು ಟೈಪ್ ಮಾಡಿ, ಓದಿ, ನಾನೇ ನಕ್ಕೆ. ದೊಡ್ಡಮ್ಮ ನಗಲಿಲ್ಲ. ಪೋಸ್ಟಲ್ ಆರ್ಡರ್ ಲಗತ್ತಿಸಿ ಕಳಿಸಿದೆವು.

ಆಮೇಲೆ ಕಾಯುವ ಕೆಲಸ. ಹೆಸರು ಸೇರಿಸುವ ಕೊನೆಯ ದಿನ ಹತ್ತಿರ ಬರುತ್ತಿತ್ತು. ಸಹಿ ಹಾಕು ಎಂದು ನಾನು ಗೋಗರೆದೆ, ದೊಡ್ಡಪ್ಪ ಗೋಗರೆದರು. "ಓಟು ಹೋದ್ರೆ ಹೋಗ್ಲಿ" ಅಂತ ಹೇಳಿ, ರಾತ್ರಿ ಒಬ್ಬಳೇ ಅಡುಗೆಮನೆಯಲ್ಲಿ ಅತ್ತಳಂತೆ. ಅದನ್ನು ದೊಡ್ಡಪ್ಪ ನನಗೆ ಗುಟ್ಟಾಗಿ ಹೇಳಿದರು. ಅಷ್ಟು ಹೊತ್ತಿಗೆ ಅವರ ತಮಾಷೆ ನಿಂತುಹೋಗಿತ್ತು.

ಲಕೋಟೆ ಬಂದ ದಿನ ನನ್ನನ್ನು ಕರೆಸಿದರು. ದೊಡ್ಡಮ್ಮ ಮುಖ ತೊಳೆದು ಕುಂಕುಮ ಇಟ್ಟುಕೊಂಡು ಜಗಲಿಯಲ್ಲಿ ಕೂತಳು. ನಾನು ಗಂಟಲು ಸರಿಮಾಡಿಕೊಂಡು ಓದಿದೆ. ಮನೆಮನೆಗೆ ಬಂದು ಪರಿಶೀಲಿಸಿದ ಹಾಳೆಯ ನಕಲು ಅದು. ಹೆಸರಿನ ಎದುರು 'ಮೃತ'. ಮುಂದೆ, 'ಮಾಹಿತಿ ಕೊಟ್ಟವರು: ಸೊಸೆ'.

ದೊಡ್ಡಮ್ಮನಿಗೆ ಇರುವವಳು ಒಬ್ಬಳೇ ಸೊಸೆ, ನರಸಿಂಹರಾಜಪುರದಲ್ಲಿ. ಮಗ ಅಲ್ಲಿ ಮೇಷ್ಟರು. ಪಾಪ, ವರ್ಷಕ್ಕೆರಡು ಸಲ ಬಂದು ತಲೆ ತಗ್ಗಿಸಿ ಪಾತ್ರೆ ತೊಳೆದು ಹೋಗುವ ಹುಡುಗಿ.

"ನಂಗೆ ಗೊತ್ತಿತ್ತು!" ದೊಡ್ಡಮ್ಮ ಎದ್ದಳು. ಒಂದು ನಿಮಿಷದ ಹಿಂದಿನವರೆಗೆ ಗೊತ್ತಿದ್ದುದು ಆಚೆಮನೆ ಅಕ್ಕನ ವಿಷಯ. "ಕಳೆದ ಸಲ ಹೋಗುವಾಗ ನನ್ನ ಕಾಲು ಮುಟ್ಟಿದ ಹಂಗೆ ಮಾಡಿ ಚಾಪೆ ಮುಟ್ಟಿದ್ಲು. ಫೋನು ಹಚ್ಚು ಮಾಣಿ!"

ನಾನು ಫೋನು ಹಚ್ಚಿಯೇಬಿಡುತ್ತಿದ್ದೆ. ಅಷ್ಟರಲ್ಲಿ ದೊಡ್ಡಪ್ಪ ಹಾಳೆ ತೆಗೆದುಕೊಂಡು ಕನ್ನಡಕಕ್ಕೆ ಹತ್ತಿರ ಹಿಡಿದರು, ದೂರ ಹಿಡಿದರು. "ಇಲ್ಲಿ ಸಹಿ ಇದೆ. ಕೆಳಗೆ ಗೆರೆ, ಗೆರೆಯ ಕೆಳಗೆ ಎರಡು ಚುಕ್ಕಿ. ಈ ಊರಲ್ಲಿ ಸಹಿಗೆ ರಂಗೋಲಿ ಹಾಕೋಳು ಒಬ್ಳೇ."

ದೊಡ್ಡಮ್ಮ ಹಾಳೆ ನೋಡಿದಳು. ಎದುರಿಗಿದ್ದ ಅತ್ತೆಯ ಫೋಟೋ ನೋಡಿದಳು. ಮೆಲ್ಲಗೆ ಮತ್ತೆ ಕೂತಳು.

ಅವಳಿಗೆ ಎಲ್ಲ ನೆನಪಾಯಿತು. ಅಂಗಳದಲ್ಲಿ ಹಪ್ಪಳ ಒಣಗಿಸುತ್ತಿದ್ದಳಂತೆ, ಕಾಗೆಯ ಕಾಟ. ಹೊಸದಾಗಿ ಬಂದ ಟೀಚರೊಬ್ಬರು ಹಾಳೆ ಹಿಡಿದು ಬಂದು, ಆ ಹೆಸರು ಹೇಳಿ, ಇದ್ದಾರಾ ಎಂದು ಕೇಳಿದರು. ಆ ಮನೆಯ ಅಂಗಳದಲ್ಲಿ ನಿಂತು ಆ ಹೆಸರು ಹೇಳಿದರೆ ಯಾರೆಂದು ತಿಳಿಯಬೇಕು? "ಅವ್ರು ಹೋಗಿ ಯಾವ ಕಾಲ ಆಯ್ತು" ಅಂದಳಂತೆ. ನೀವು ಅವರಿಗೆ ಏನಾಗಬೇಕು? "ಸೊಸೆ." ಇಲ್ಲೊಂದು ಸಹಿ ಹಾಕಿ. ಹಾಕಿದಳು, ಮನೆಯಲ್ಲಿ ಕರೆಯುವ ಹೆಸರಿನಲ್ಲಿ.

"ಪಾಪ, ಬಿಸಿಲಲ್ಲಿ ಬಂದಿದ್ರು ಅಂತ ಮಜ್ಜಿಗೆ ಕೊಟ್ಟೆ. ನಾಲ್ಕು ಹಪ್ಪಳನೂ ಸುಟ್ಟು ಕೊಟ್ಟೆ" ಅಂದಳು ಸಣ್ಣ ದನಿಯಲ್ಲಿ.

"ಹಂಗಾದ್ರೆ ನಿನ್ನ ತಿಥಿ ಊಟನೂ ನೀನೇ ಬಡಿಸಿದ ಹಂಗಾಯ್ತು" ಅಂದರು ದೊಡ್ಡಪ್ಪ.

ಮೊದಲು ನಕ್ಕಿದ್ದು ದೊಡ್ಡಮ್ಮ. ನಗುತ್ತ ನಗುತ್ತ ಸೆರಗಿನಿಂದ ಕಣ್ಣು ಒರೆಸಿಕೊಂಡಳು, ಆಮೇಲೂ ಒರೆಸುತ್ತಲೇ ಇದ್ದಳು. ನಾನು ಅರ್ಜಿಯ ಹಾಳೆ ತೆಗೆದು, ಇನ್ನು ಮುಂದೆ ಇಂಥ ರಗಳೆಯೇ ಬೇಡ, ಎಲ್ಲರೂ ಕರೆಯುವ ಹೆಸರನ್ನೇ ಬರೆಸಿಬಿಡೋಣ ಅಂದೆ.

"ಬೇಡ" ಅಂದಳು. "ಹಳೇದೇ ಬರಿ. ಕೇಳಿದ ಕೂಡ್ಲೆ ಅತ್ತೆ ಅಂದ್ಕೊಂಡೆ ನೋಡು. ನಂದು ಅಂತ ನಂಗೇ ಹೊಳೀಲಿಲ್ಲ. ಅಪ್ಪ ಇಟ್ಟಿದ್ದು ಅದು."

ದೊಡ್ಡಪ್ಪ ಏನೋ ಹೇಳಲು ಬಾಯಿ ತೆರೆದು, ಎಲೆಯಡಿಕೆ ಹಾಕಿಕೊಂಡರು.

ಸಂಜೆ ದೊಡ್ಡಮ್ಮ ಒಂದು ಕಟ್ಟು ಹಪ್ಪಳ ಹಿಡಿದು ಆಚೆಮನೆಗೆ ಹೋದಳು. ಧೈರ್ಯಕ್ಕೆ ನನ್ನನ್ನೂ ಕರೆದುಕೊಂಡಳು. ಅಕ್ಕ ಪೂರ್ತಿ ಕಥೆ ಕೇಳಿದರು. "ನಾನು ಕೊಲ್ಲೋದಾದ್ರೆ ನಿಂಗೆ ಹೇಳಿಯೇ ಕೊಲ್ತಿದ್ದೆ ಕಣೇ" ಅಂದರು. ಹಪ್ಪಳ ತೆಗೆದಿಟ್ಟುಕೊಂಡರು. ಆದರೂ ಅವತ್ತು ಕಾಫಿಗೆ ಸಕ್ಕರೆ ಕಮ್ಮಿಯೇ ಇತ್ತು. ಪೂರ್ತಿ ಸರಿಹೋಗಲು ಮತ್ತಷ್ಟು ದಿನ ಬೇಕಾಯಿತು.

ಓಟಿನ ದಿನ ಇಬ್ಬರೂ ಹೊಸ ಸೀರೆ ಉಟ್ಟು ಹೆಂಗಸರ ಸಾಲಿನಲ್ಲಿದ್ದರು. ದೊಡ್ಡಮ್ಮನ ಹೆಸರು ಪಟ್ಟಿಯ ಕೊನೆಯಲ್ಲಿ ಸೇರಿತ್ತು. ಗಂಡಸರ ಸಾಲಿನಲ್ಲಿ ದೊಡ್ಡಪ್ಪ, ಅವರ ಹಿಂದೆ ನಾನು. ಬಾಗಿಲಲ್ಲಿ ಅಕ್ಕ ಇಬ್ಬರ ಚೀಟಿಯನ್ನೂ ಮೇಜಿನ ಮೇಲಿಟ್ಟರು. ಅಧಿಕಾರಿ ಏಜೆಂಟರಿಗೆ ಕೇಳಲಿ ಎಂದು ಗಟ್ಟಿಯಾಗಿ ಮೊದಲ ಹೆಸರು ಓದಿದ. ಅದು ದೊಡ್ಡಮ್ಮನದು. ಅವಳು ಮಾತ್ರ ಹಪ್ಪಳಕ್ಕೆ ಉಪ್ಪು ಹೆಚ್ಚಾಗಿತ್ತೋ ಇಲ್ಲವೋ ಎಂದು ಅಕ್ಕನ ಜೊತೆ ಪಿಸುಮಾತಿನಲ್ಲಿ ಜಗಳ ಹಚ್ಚಿಕೊಂಡಿದ್ದಳು. ಅವನು ಇನ್ನೊಂದು ಸಲ ಓದಿದ. ಯಾರೂ ಓಗೊಡಲಿಲ್ಲ.

"ಇಲ್ವೇನ್ರೀ ಇವ್ರು?" ಅಂತ ಚೀಟಿ ಪಕ್ಕಕ್ಕೆ ಸರಿಸಹೊರಟ.

ದೊಡ್ಡಪ್ಪ ಬಾಯಲ್ಲಿದ್ದ ಎಲೆಯಡಿಕೆಯನ್ನು ದವಡೆಗೆ ಒತ್ತಿದರು. ಮದುವೆಯಾದಾಗಿನಿಂದ ಹೆಂಡತಿಯನ್ನು ಎಂದೂ ಕರೆಯದ ಆ ಹೆಸರನ್ನು, ತಮ್ಮ ತಾಯಿಯ ಹೆಸರನ್ನು, ಶಾಲೆಗೆಲ್ಲ ಕೇಳುವ ಹಾಗೆ ಕೂಗಿದರು.

ಸಾಲಿಗೆ ಸಾಲೇ ತಿರುಗಿತು. ದೊಡ್ಡಮ್ಮನೂ ತಿರುಗಿದಳು, ಅಧಿಕಾರಿಯ ಕಡೆಗಲ್ಲ.

"ಇದ್ದೀನಿ" ಅಂದಳು.