ಕಾರಿನ ಸ್ಪೀಕರಿಗೆ ಸೋಬಾನೆ ಹಾಕಿಸಿದ್ದು

ಆಗ ನನಗೆ ಅರವತ್ತೊಂಬತ್ತು. ಮೂರು ವರ್ಷದ ಹಿಂದಿನ ಮಾತು. ಮಗಳು ಹಳೆಯ ಕಾರೊಂದನ್ನು ಕೊಂಡಿದ್ದಳು. ಅವಳು ಶಿವಮೊಗ್ಗದ ಆಸ್ಪತ್ರೆಯೊಂದರಲ್ಲಿ ನರ್ಸು, ಭದ್ರಾವತಿಯ ಓಲ್ಡ್ ಟೌನಿನಿಂದ ದಿನಾ ಹೋಗಿ ಬರುತ್ತಾಳೆ. ಕಾರು ಚೆನ್ನಾಗಿತ್ತು, ಸ್ಪೀಕರು ಮಾತ್ರ ಹರಿದಿತ್ತು. ಹಾಡು ಹಾಕಿದರೆ ಡಬ್ಬಿಯೊಳಗೆ ಜೀರುಂಡೆ ಸಿಕ್ಕಿಕೊಂಡ ಹಾಗೆ ಕೇಳುತ್ತಿತ್ತು. ರಜೆಯ ದಿನ ಹೊಸದು ಹಾಕಿಸಲು ಹೊರಟವಳು ನನ್ನನ್ನೂ ಕರೆದಳು.

ಕರೆದದ್ದಕ್ಕೆ ಕಾರಣವಿತ್ತು. ನಮ್ಮ ನೆಂಟರಲ್ಲಿ ಹಾಡು ಅಂದರೆ ನಾನೇ. ಮೂರನೇ ಕ್ಲಾಸಿಗೆ ಶಾಲೆ ಬಿಟ್ಟವಳು ನಾನು. ಆದರೆ ಯಾರ ಮನೆಯಲ್ಲಿ ಮದುವೆಯಾದರೂ ಅರಿಶಿನ ಹಚ್ಚುವುದರಿಂದ ಹಿಡಿದು ಆರತಿಯವರೆಗೆ ಮುಂದೆ ನಿಂತು ಸೋಬಾನೆ ಹೇಳುವವಳು ನಾನು. ನಾನು ಒಂದು ಸಾಲು ಹೇಳಬೇಕು, ಹಿಂದೆ ನಿಂತ ನಾಲ್ವರು ಅದನ್ನೇ ತಿರುಗಿ ಹೇಳಬೇಕು. ಆ ಜಾಗ ನನಗೆ ಅತ್ತೆಯಿಂದ ಬಂದದ್ದು. ಬಿಡುವ ಯೋಚನೆ ನನಗೆ ಇರಲಿಲ್ಲ.

ಹಿಂದೆ ಹೇಳುವವರಲ್ಲಿ ನನ್ನ ಓರಗಿತ್ತಿ ಒಬ್ಬಳು, ಮೈದುನನ ಹೆಂಡತಿ. ನನಗಿಂತ ಬಹಳ ಚಿಕ್ಕವಳು. ಒಂದೆರಡು ವರ್ಷದಿಂದ ಅವಳಿಗೆ ಒಂದು ಚಾಳಿ ಬಂದಿತ್ತು: ನನ್ನ ಸಾಲು ಮುಗಿಯುವ ಮೊದಲೇ ಬಾಯಿ ಹಾಕುವುದು. ಹೊಳಲೂರಿನ ಮದುವೆಯಲ್ಲಿ ಎಲ್ಲರೆದುರೇ ಬೈದಿದ್ದೆ.

"ನನ್ನ ಬಾಯಿ ಮೇಲೆ ಬಾಯಿ ಹಾಕ್ಬೇಡ ಮಾರಾಯ್ತಿ. ನಾನಿನ್ನೂ ಸತ್ತಿಲ್ಲ."

"ಗೊತ್ತು ಬಿಡಕ್ಕ. ಸತ್ತೋರು ಇಷ್ಟು ಬೈಯಲ್ಲ," ಅಂದಳು. ಮುಂದಿನ ಹಾಡಿಗೂ ಅದನ್ನೇ ಮಾಡಿದಳು.

ನನ್ನ ಜಾಗದ ಮೇಲೆ ಅವಳಿಗೆ ಕಣ್ಣು ಅಂತ ನಾನು ತಿಳಿದಿದ್ದೆ. ಬರುವ ವಾರ ಹೊಸಮನೆ ಬಡಾವಣೆಯಲ್ಲಿ ಮದುವೆ ಇತ್ತು. ಅದಕ್ಕೆ ಅವಳನ್ನು ಬಿಟ್ಟು ಬೇರೆ ಯಾರನ್ನಾದರೂ ಕರೆದುಕೊಂಡು ಹೋಗುವುದೆಂದು ಮನಸ್ಸಿನಲ್ಲೇ ತೀರ್ಮಾನ ಮಾಡಿಯಾಗಿತ್ತು.

ಶಿವಮೊಗ್ಗದ ಅಂಗಡಿಯವನು ಕಾರಿನ ಬಾಗಿಲುಗಳಿಗೆ ಹೊಸ ಸ್ಪೀಕರು ಕೂರಿಸಿ, ತನಗೆ ಬೇಕಾದ ಹಾಡೊಂದನ್ನು ಹಾಕಿದ. ಸೀಟು ನಡುಗಿತು. ಕಟ್ಟಿಸಿಕೊಂಡ ನನ್ನ ಹಲ್ಲೂ ನಡುಗಿತು.

"ಬೇಸ್ ಹೆಂಗಿದೆ ಅಜ್ಜಿ?"

"ಇದಕ್ಕೆ ದುಡ್ಡು ಯಾಕಪ್ಪ? ನಮ್ಮೆಜಮಾನ್ರು ಕೆಲಸದಲ್ಲಿದ್ದಾಗ ಕಾರ್ಖಾನೆ ಗೇಟಲ್ಲಿ ಪುಕ್ಕಟೆ ಸಿಗ್ತಿತ್ತು."

ಅವನು ನಕ್ಕು ಕೊಳಲು ಹಾಕಿದ. ಆಮೇಲೆ ಒಂದು ಸಿನಿಮಾ ಹಾಡು. ಮಗಳು, "ಎಲ್ಲಾ ಚೆನ್ನಾಗೇ ಕೇಳ್ತಿದೆಯಲ್ಲಮ್ಮ, ಇದೇ ಇರ್ಲಿ," ಅಂದಳು.

ನನಗೆ ಸಮಾಧಾನವಾಗಲಿಲ್ಲ. ಅವೆಲ್ಲ ತಿದ್ದಿ ತೀಡಿ ತಯಾರಿಸಿದ ಹಾಡುಗಳು, ಎಲ್ಲಿ ಹಾಕಿದರೂ ಚೆನ್ನಾಗಿಯೇ ಇರುತ್ತವೆ. ಹೊಸ ಪಾತ್ರೆಯ ಗುಣ ನೋಡಬೇಕಾದರೆ ಅದರಲ್ಲಿ ನೀರು ಕಾಯಿಸಿದರೆ ಏನೂ ತಿಳಿಯುವುದಿಲ್ಲ. ಹಾಲು ಕಾಯಿಸಬೇಕು. ತಳ ಹಿಡಿಯುತ್ತದೋ ಇಲ್ಲವೋ ಆಗ ಗೊತ್ತಾಗುತ್ತದೆ. ಇದನ್ನೇ ಅಂಗಡಿಯವನಿಗೂ ಹೇಳಿದೆ.

"ಸರಿ ಮತ್ತೆ, ನಿಮಗೆ ಬಾಯಿಪಾಠ ಇರೋ ಹಾಡು ಹೇಳಿ. ಅದನ್ನೇ ಹಾಕ್ತೀನಿ," ಅಂದ.

"ನಾನೇ ಹೇಳಿದ್ದು ಇದೆ. ಅದನ್ನ ಹಾಕು."

ಹೊಳಲೂರಿನ ಮದುವೆಯಲ್ಲಿ ವಿಡಿಯೋದವರು ನಮ್ಮ ಸೋಬಾನೆಯನ್ನು ಹಿಡಿದು ಪೆನ್ ಡ್ರೈವಿನಲ್ಲಿ ಕೊಟ್ಟಿದ್ದರು. ಅದು ಕಾರಿನಲ್ಲೇ ಬಿದ್ದಿತ್ತು. ಮಗಳ ಮುಖ ಯಾಕೋ ಪೆಚ್ಚಾಯಿತು.

"ಅದು ಬೇಡ ಬಿಡಮ್ಮ. ಅದರಲ್ಲಿ ಗಲಾಟೆ ಜಾಸ್ತಿ."

"ಗಲಾಟೆ ಇದ್ರೇನೇ ಪರೀಕ್ಷೆ. ಹಾಕಪ್ಪ ನೀನು."

ಮೊದಲು ಎಲ್ಲ ಬಾಗಿಲಿನಿಂದಲೂ ಒಟ್ಟಿಗೆ ಕೇಳಿಸಿತು. ಪಾತ್ರೆ ಸದ್ದು, ಮಕ್ಕಳ ಕೂಗು, ನಡುವೆ ನಮ್ಮ ಹಾಡು. ಪರವಾಗಿಲ್ಲ, ಸ್ವರ ಗಟ್ಟಿಯಾಗಿಯೇ ಇದೆ ಅನ್ನಿಸಿತು. ಆಮೇಲೆ ಅಂಗಡಿಯವನು, "ಈಗ ಒಂದೊಂದು ಕಡೆ ನೋಡೋಣ," ಎಂದು ಸದ್ದನ್ನೆಲ್ಲ ಎಡಗಡೆಯ ಬಾಗಿಲುಗಳಿಗೆ ತಿರುಗಿಸಿದ.

ವಿಡಿಯೋದವರು ಎರಡು ಮೈಕು ಇಟ್ಟಿದ್ದರು, ಒಂದು ನನ್ನ ಮುಂದೆ, ಇನ್ನೊಂದು ಹಿಂದಿನವರ ಮುಂದೆ. ಎಡಗಡೆ ಬಂದದ್ದು ನನ್ನದು. ಉಳಿದವರು ಎಲ್ಲೋ ದೂರದಲ್ಲಿದ್ದರು. ನನ್ನ ಸಾಲು ಜೋರಾಗಿ ಶುರುವಾಯಿತು, ಅರ್ಧಕ್ಕೆ ನಿಂತಿತು. ಪದ ಇರಬೇಕಾದ ಕಡೆ ಬರೀ ಉಸಿರು. ಮುಂದಿನ ಸಾಲಿಗೂ ಹಾಗೆಯೇ. ಮೂರನೆಯದು ತಡವಾಗಿ ಶುರುವಾಯಿತು, ಅಲ್ಲಿಯವರೆಗೆ ಮರೆತು ನಿಂತಿದ್ದೆ. ಹಾಡುವಾಗ ಎಲ್ಲವನ್ನೂ ಪೂರ್ತಿ ಹೇಳಿದೆ ಅಂತಲೇ ನನ್ನ ಲೆಕ್ಕ.

"ನಿಲ್ಲಿಸ್ಲಾ ಅಮ್ಮ?" ಮಗಳು ಕೇಳಿದಳು.

"ಬೇಡ. ಬಲಗಡೆ ತಿರುಗ್ಸು."

ಬಲಗಡೆ ಓರಗಿತ್ತಿ ಇದ್ದಳು. ನಾನು ಎಲ್ಲಿ ಬಿಟ್ಟಿದ್ದೆನೋ ಸರಿಯಾಗಿ ಅಲ್ಲಿಂದ ಎತ್ತಿಕೊಂಡು ಸಾಲನ್ನು ಮುಗಿಸುತ್ತಿದ್ದಳು. ಅಷ್ಟೇ ಅಲ್ಲ. ಪ್ರತಿ ಸಾಲಿಗೆ ಮೊದಲು, ನನ್ನ ಕಿವಿಗೂ ಆ ಮೈಕಿಗೂ ಮಾತ್ರ ಸಿಗುವಷ್ಟು ಮೆಲ್ಲಗೆ, ಮುಂದಿನ ಸಾಲಿನ ಮೊದಲ ಪದವನ್ನು ಹೇಳಿಕೊಡುತ್ತಿದ್ದಳು. ನಾನು ನನಗೇ ಗೊತ್ತಿಲ್ಲದೆ ಅದನ್ನು ಹಿಡಿದುಕೊಂಡು ಮುಂದೆ ನಿಂತು ಜೋರು ಮಾಡುತ್ತಿದ್ದೆ.

ಅಂಗಡಿಯವನು ತಲೆ ಕೆರೆದುಕೊಂಡ. "ಎಡಗಡೆ ಸ್ವಲ್ಪ ವೀಕ್ ಇದೆ ಅಜ್ಜಿ. ಜಾಸ್ತಿ ಮಾಡ್ಲಾ?"

"ಸ್ಪೀಕರ್ ಸರಿ ಇದೆ ಕಣಪ್ಪ. ವೀಕ್ ಇರೋದು ನಾನು. ಇದೇ ಇರ್ಲಿ."

ಊರಿಗೆ ವಾಪಸು ಬರುವಾಗ ಮಗಳನ್ನು ಕೇಳಿದೆ, "ನಿಂಗೆ ಮೊದ್ಲೇ ಗೊತ್ತಿತ್ತಾ?"

"ಎಲ್ಲರಿಗೂ ಗೊತ್ತಿತ್ತಮ್ಮ."

"ಬೊಗಳೋಕೆ ಏನಾಗಿತ್ತು?"

"ಚಿಕ್ಕಮ್ಮ ಬೇಡ ಅಂದಿದ್ರು. ಅಕ್ಕ ಮುಂದೆ ನಿಂತ್ರೇನೇ ಮದುವೆಮನೆ ಅನ್ಸೋದು, ಸುಮ್ನಿರಿ ಅಂದ್ರು."

ನಾನು ಅಳಲಿಲ್ಲ. ಅಳುವಂಥದ್ದು ಏನೂ ಆಗಿರಲಿಲ್ಲ, ವಯಸ್ಸಾಗಿತ್ತು ಅಷ್ಟೇ. ಆದರೆ ದಾರಿಯುದ್ದಕ್ಕೂ ಒಂದೇ ಯೋಚನೆ. ಯಾವುದಾದರೂ ಒಂದು ಮದುವೆಯಲ್ಲಿ ಓರಗಿತ್ತಿ ಸುಮ್ಮನೆ ಬಾಯಿ ಮುಚ್ಚಿಕೊಂಡು ನಿಂತಿದ್ದರೆ ಸಾಕಿತ್ತು. ನಾನು ನಡು ಸಾಲಿನಲ್ಲಿ ಬೀಳುತ್ತಿದ್ದೆ, ಜನ ನಗುತ್ತಿದ್ದರು, ಜಾಗ ತಾನಾಗಿ ಅವಳದಾಗುತ್ತಿತ್ತು. ಅವಳು ಹಾಗೆ ಮಾಡಲಿಲ್ಲ. ಬೈಸಿಕೊಂಡಳು, ಹಿಡಿದುಕೊಂಡಳು, ಮತ್ತೆ ಬೈಸಿಕೊಂಡಳು. ಅವಳ ಮೇಲೆ ನನಗೆ ಇವತ್ತಿಗೂ ಸಿಟ್ಟು ಬರುತ್ತದೆ, ಸಾರಿಗೆ ಕೈತುಂಬ ಉಪ್ಪು ಸುರಿಯುವ ಹೆಂಗಸು. ಆದರೂ ಒಡಹುಟ್ಟಿದವರು ಕೂಡ ನನಗೆ ಇಷ್ಟು ಮಾಡಿಲ್ಲ. ಇದನ್ನು ಯಾರ ಮುಂದೆ ಬೇಕಾದರೂ ಹೇಳುತ್ತೇನೆ.

ಮಾರನೆಯ ಬೆಳಿಗ್ಗೆ ಕಾಫಿಯನ್ನೂ ಕುಡಿಯದೆ ನಮ್ಮ ಬೀದಿಯಲ್ಲೇ ಇರುವ ಅವಳ ಮನೆಗೆ ಹೋದೆ. ಹೊಸಿಲ ಹತ್ತಿರ ಮೊರ ಇಟ್ಟುಕೊಂಡು ಅಕ್ಕಿ ಆರಿಸುತ್ತಿದ್ದಳು.

"ಹೊಸಮನೆ ಮದುವೆಗೆ ನೀನು ಮುಂದೆ ನಿಂತು ಹೇಳು. ನಾನು ಹಿಂದೆ ನಿಲ್ತೀನಿ."

"ಯಾಕಕ್ಕ, ಹುಷಾರಿಲ್ವಾ?"

"ಹುಷಾರಾಗೇ ಇದೀನಿ. ನಿನ್ನೆ ಕಾರಲ್ಲಿ ಕೇಳ್ದೆ, ಇಷ್ಟು ದಿನ ನೀನು ನನ್ನ ಹಿಡ್ಕೊಂಡು ಬಂದಿದ್ದು. ದೊಡ್ಡ ಉಪಕಾರ ಆಯ್ತು."

ಅವಳು ತಲೆ ಎತ್ತಲಿಲ್ಲ. ಅಕ್ಕಿಯಿಂದ ಒಂದು ಕಲ್ಲು ತೆಗೆದು ಎಸೆದಳು. "ಬೈಯೋಕೆ ಬಂದೆ ಅಂದ್ಕೊಂಡೆ," ಅಂದಳು.

"ಅದು ಆಮೇಲೆ. ಮೊದ್ಲು ಅರಿಶಿನದ ಹಾಡು ಹೇಳು, ನೋಡೋಣ."

ಶುರು ಮಾಡಿದಳು. ನಾನು ಮೊರದ ಈಚೆ ಕೂತು ಹಿಂದೆ ಹೇಳಿದೆ. ಎರಡು ಕಡೆ ಬೇಡದಷ್ಟು ಎಳೆದಳು. ನಿಲ್ಲಿಸಿ ತಿದ್ದಿದೆ.